ಔಷಧಿಯ ಬೆಲೆಗೆ ಒಂದೇ ಅಂಕ

ವೈದ್ಯರು ಬರೆದ ಔಷಧಿ ರೋಗಿಗೆ ತಕ್ಕದ್ದೇ ಎಂದು ಅಳೆಯಲು ಅಮೆರಿಕದ ಜೋಸೆಫ್ ಹ್ಯಾನ್ಲನ್ ಮತ್ತು ಸಂಗಡಿಗರು 1992ರಲ್ಲಿ ಒಂದು ಮಾನದಂಡ ರೂಪಿಸಿದರು. ಹೆಸರು ‘ಮೆಡಿಕೇಶನ್ ಅಪ್ರೋಪ್ರಿಯೇಟ್‌ನೆಸ್ ಇಂಡೆಕ್ಸ್’. ಅದರಲ್ಲಿರುವುದು ಹತ್ತು ಪ್ರಶ್ನೆ. ಈ ಔಷಧಿ ಬೇಕಿತ್ತೇ, ಈ ಕಾಯಿಲೆಗೆ ನಾಟುತ್ತದೆಯೇ, ಪ್ರಮಾಣ ಸರಿಯೇ, ಬೇರೆ ಮಾತ್ರೆಯೊಡನೆ ಸೇರಿ ತೊಂದರೆ ಕೊಡುತ್ತದೆಯೇ ಎಂದೆಲ್ಲ ಕೇಳಿ, ಕೊನೆಗೆ ಇಷ್ಟೇ ಗುಣ ಕೊಡುವ ಬೇರೆ ಔಷಧಿಗಳಿಗಿಂತ ಇದು ಅಗ್ಗವೇ ಎಂದು ಕೇಳುತ್ತದೆ. 1994ರಲ್ಲಿ ಪ್ರಶ್ನೆಗಳಿಗೆ ತೂಕ ಬಂತು. ತಪ್ಪಿದ ಔಷಧಿಗೆ ಒಟ್ಟು 18ರವರೆಗೆ ಅಂಕ. ಸೊನ್ನೆ ಬಂದರೆ ನಿರ್ದೋಷಿ. ‘ಬೇಕಿತ್ತೇ’ ಎಂಬುದಕ್ಕೆ 3 ಅಂಕ, ಬೆಲೆಗೆ 1.

ನನ್ನ ತಕರಾರು ಈ ಒಂದು ಅಂಕದ ಮೇಲೆ.

ಇಂಡೆಕ್ಸ್ ಹುಟ್ಟಿದ್ದು ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ. ಅಲ್ಲಿ ಔಷಧಿ ಖರ್ಚಿನ ಬಹುಪಾಲನ್ನು ಸರ್ಕಾರ ಹೊರುತ್ತಿತ್ತು. ಅದನ್ನೇ ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ತಂದು ನೋಡಿ. ಬಣ್ಣ, ರಾಸಾಯನಿಕ, ಬಟ್ಟೆ ಸಂಸ್ಕರಣೆಯ ಕಾರ್ಖಾನೆಗಳ ಈ ವಲಯದಲ್ಲಿ ದಮ್ಮಿನ ಕಾಯಿಲೆಯ ಗುತ್ತಿಗೆ ಕಾರ್ಮಿಕನೊಬ್ಬನಿಗೆ ವೈದ್ಯರು ದಿನಕ್ಕೆರಡು ಸಲ ಎಳೆದುಕೊಳ್ಳುವ ಬ್ಯುಡೆಸೊನೈಡ್-ಫಾರ್ಮೊಟೆರಾಲ್ ಪಂಪ್ ಬರೆದರು ಎನ್ನೋಣ. ಔಷಧಿ ಸರಿ, ಪ್ರಮಾಣ ಸರಿ, ಅದಕ್ಕಿಂತ ಅಗ್ಗದ್ದು ಸಿಗದಿದ್ದರೆ ಬೆಲೆಯ ಪ್ರಶ್ನೆಯೂ ಪಾಸು. ಇಂಡೆಕ್ಸ್ ಸೊನ್ನೆ ಕೊಟ್ಟು ಬೆನ್ನು ತಟ್ಟುತ್ತದೆ. ಆದರೆ ಮನೆಗೆ ದುಡ್ಡು ಕಳಿಸಬೇಕಾದವನು ತಿಂಗಳ ಪಂಪನ್ನು ಎರಡು ತಿಂಗಳಿಗೆ ಎಳೆಯುತ್ತಾನೆ. ಉಸಿರು ಕಟ್ಟಿದ ದಿನ ಮಾತ್ರ ಬಾಯಿಗಿಡುತ್ತಾನೆ, ಉಳಿದ ದಿನ ಕಪಾಟಿನಲ್ಲಿಡುತ್ತಾನೆ. ಇಂಡೆಕ್ಸ್ ಓದಿದ್ದು ಬರೆದ ಚೀಟಿಯನ್ನು. ಅವನ ಎದೆಗೆ ಇಳಿದದ್ದು ಅದರ ಅರ್ಧ.

ಒಂದು ರಾತ್ರಿ ಪಾಳಿ ಮುಗಿಯುವ ಮೊದಲೇ ಅವನನ್ನು ನರ್ಸಿಂಗ್ ಹೋಮಿಗೆ ಹೊತ್ತು ತರುತ್ತಾರೆ. ನೆಬ್ಯುಲೈಸರ್, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಸಲೈನ್. ಮರುದಿನ ಅವನು ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರೂ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರ ರಕ್ತನಾಳದ ಮೂಲಕವೇ ಹೋಗುತ್ತಿರುತ್ತದೆ. ನುಂಗಬಲ್ಲವನಿಗೆ ಅದೇ ಔಷಧಿಯ ಮಾತ್ರೆ ಸಾಕು. ಬಹಳ ಸಲ ಅದೂ ಬೇಡ. ಇಲ್ಲಿ ಇಂಡೆಕ್ಸ್ ನಿಜಕ್ಕೂ ಬೆಳಗುತ್ತದೆ. ಮೊದಲ ಪ್ರಶ್ನೆಯಲ್ಲೇ 3 ಅಂಕ ಹಾಕಿ, ಯಾರೂ ಎತ್ತದ ಮಾತನ್ನು ಎತ್ತುತ್ತದೆ. ಒಂದೊಂದು ಔಷಧಿಯನ್ನೂ ಬಿಡಿಯಾಗಿ ಹಿಡಿದು ವಿಚಾರಿಸುವ ಈ ತಾಳ್ಮೆಗಾಗಿ ನಾನು ಅದನ್ನು ಗೌರವಿಸುತ್ತೇನೆ. ನಮ್ಮ ವಾರ್ಡುಗಳಿಗೆ ಅದು ಬೇಕೇ ಬೇಕು.

ಖರ್ಚಿನ ಅಧ್ಯಯನಗಳ ಕಥೆ ಬೇರೆ. ಮೈಸೂರಿನ ಜೆಎಸ್‌ಎಸ್‌ನಂಥ ಕಾಲೇಜುಗಳು ಕ್ಲಿನಿಕಲ್ ಫಾರ್ಮಸಿಗೆ ನೆಲ ಹದ ಮಾಡಿದ ಮೇಲೆ, 2008ರಲ್ಲಿ ದೇಶದಲ್ಲಿ ಆರು ವರ್ಷದ ಫಾರ್ಮ್.ಡಿ ಕೋರ್ಸ್ ಶುರುವಾಯಿತು. ಐದನೇ ವರ್ಷದಲ್ಲಿ ಆರು ತಿಂಗಳ ಪ್ರಾಜೆಕ್ಟ್. ಒಬ್ಬ ವಿದ್ಯಾರ್ಥಿ ಚಿಕಿತ್ಸೆಯ ಖರ್ಚು ಲೆಕ್ಕ ಹಾಕುತ್ತಾನೆ, ಇನ್ನೊಬ್ಬಳು ಔಷಧಿಯ ಯುಕ್ತತೆ ನೋಡುತ್ತಾಳೆ. ಅದೇ ವಾರ್ಡ್, ಅದೇ ಕೇಸ್ ಶೀಟ್, ಎರಡು ವರದಿ. ಪಂಪ್ ಕೊಳ್ಳಲಾಗದ್ದರಿಂದಲೇ ಅಡ್ಮಿಟ್ ಆದ ಎಂಬ ಸಂಗತಿ ಎರಡರ ನಡುವೆ ಜಾರಿಹೋಗುತ್ತದೆ. ಇನ್ನು, ಒಂದೇ ಔಷಧಿಯ ಬ್ರ್ಯಾಂಡುಗಳ ಗರಿಷ್ಠ-ಕನಿಷ್ಠ ಬೆಲೆಯ ಶೇಕಡಾ ಅಂತರ ತೋರಿಸುವ ಪ್ರಬಂಧಗಳು. ಅವುಗಳ ಲೆಕ್ಕ ನಿಲ್ಲುವುದು ಔಷಧಿ ಬೆಲೆಪಟ್ಟಿಯ ಪುಸ್ತಕದಲ್ಲಿ ಅಚ್ಚಾದ ಬೆಲೆಯ ಮೇಲೆ. ರೋಗಿ ಯಾವುದನ್ನು ಕೊಂಡ, ಯಾವುದನ್ನು ಬಿಟ್ಟ ಎಂಬುದು ಅಲ್ಲಿ ಬರುವುದಿಲ್ಲ.

ಖರ್ಚು ಯಾರದ್ದು ಎಂಬುದನ್ನು ಮೊದಲು ಹೇಳದೆ ಅಂಕಿ ಕೊಡುವುದು ಇನ್ನೂ ದೊಡ್ಡ ದೋಷ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ, ಇಎಸ್‌ಐ ವಿಮೆಯ ಕಾರ್ಡಿರುವ ಕಾರ್ಮಿಕನಿಗೆ ಔಷಧಿ ಉಚಿತ. ಅರ್ಹತೆಯಿದ್ದರೆ ಕಾಯಿಲೆ ರಜೆಯ ದಿನಗಳಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಅವನ ಪಕ್ಕದಲ್ಲೇ ದುಡಿದು, ಹೆಸರು ದಾಖಲೆಗೇ ಬಾರದವನಿಗೆ ಔಷಧಿಯೂ ಕೈಯಿಂದ, ಕೂಲಿಯೂ ಇಲ್ಲ. ಇಬ್ಬರನ್ನೂ ಸೇರಿಸಿ ತೆಗೆದ ಸರಾಸರಿ ಇಬ್ಬರ ಪಾಡನ್ನೂ ಮುಚ್ಚಿಡುತ್ತದೆ.

ಸೂಚನೆ ಪಾಲಿಸಲು ಸಾಧ್ಯವೇ ಎಂಬ ಪ್ರಶ್ನೆಗೂ ಇಂಡೆಕ್ಸ್ ಕೊಡುವುದು 1 ಅಂಕ. ಕಲಬುರಗಿ ಕಡೆಯಿಂದ ಬಂದವನಿಗೆ ಮರಾಠಿಯಲ್ಲಿ ಹೇಳಿದ ಮಾತು, ಇಂಗ್ಲಿಷ್ ಲೇಬಲ್, ವಾರವಾರ ಬದಲಾಗುವ ಪಾಳಿ. ಪಂಪ್ ಒತ್ತುತ್ತಲೇ ನಿಧಾನವಾಗಿ ಆಳಕ್ಕೆ ಉಸಿರೆಳೆದುಕೊಳ್ಳಬೇಕೆಂದು ಅವನಿಗೆ ತಿಳಿಯದಿದ್ದರೆ ಔಷಧಿಯ ಬಹುಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ.

ಇಲ್ಲಿ ಪ್ರಾಜೆಕ್ಟ್ ಮಾಡುವವರು ಹತ್ತು ಪ್ರಶ್ನೆಗಳನ್ನು ಹಾಗೆಯೇ ಇಟ್ಟುಕೊಳ್ಳಲಿ. ಜೊತೆಗೆ ಎರಡನ್ನು ಕೇಳಲಿ: ಕಳೆದ ತಿಂಗಳು ಇದನ್ನು ಪೂರ್ತಿ ಕೊಂಡಿರಾ? ಕೊಳ್ಳದಿದ್ದರೆ ಯಾವುದನ್ನು ಬಿಟ್ಟಿರಿ? ಡಿಸ್ಚಾರ್ಜ್ ದಿನ ಹಾಸಿಗೆ ಬಳಿ ಒಮ್ಮೆ, ತಿಂಗಳ ನಂತರ ಫೋನಿನಲ್ಲಿ ಒಮ್ಮೆ, ಅವನ ಭಾಷೆಯಲ್ಲಿ. ಬಂದ ಉತ್ತರವನ್ನು ಚೀಟಿ ಬರೆದ ವೈದ್ಯರಿಗೆ ಅದೇ ವಾರ ತಲುಪಿಸಬೇಕು. ಕಾಲೇಜಿನ ಲೈಬ್ರರಿ ಸೇರಿದ ವರದಿ ಮುಂದಿನ ಚೀಟಿಯನ್ನು ಬದಲಿಸಲಾರದು.