ಕಟ್ಟಿದವರಿಗೆ ಊರೊಳಗೆ ಜಾಗವಿಲ್ಲ

ಜೂಲ್ಸ್ ವರ್ನ್ ಎಂದ ಕೂಡಲೇ ನಮ್ಮಲ್ಲಿ ಓದಿದವರು ಕ್ಯಾಪ್ಟನ್ ನೆಮೋನನ್ನು ನೆನೆಯುತ್ತಾರೆ. ಅವನು ಟಿಪ್ಪುವಿನ ಬಂಧು, ಬ್ರಿಟಿಷರ ಶತ್ರು ಅಂತ ವರ್ನ್ ಬರೆದದ್ದಕ್ಕೆ ಹಿಗ್ಗುತ್ತಾರೆ. ಹಿಗ್ಗಲಿ, ತಪ್ಪಿಲ್ಲ. ಆದರೆ ಅದೇ ವರ್ನ್ 1879ರಲ್ಲಿ ಪ್ರಕಟಿಸಿದ 'ಬೇಗಮಳ ಐವತ್ತು ಕೋಟಿ' ಕಾದಂಬರಿಯನ್ನೂ ನಾವು ಓದಬೇಕು.

1870-71ರ ಯುದ್ಧದಲ್ಲಿ ಪ್ರಷ್ಯಕ್ಕೆ ಸೋತ ಫ್ರಾನ್ಸಿನ ಗಾಯ ಈ ಕಾದಂಬರಿಯ ತುಂಬ ಇದೆ. ಭಾರತದ ಬೇಗಮೊಬ್ಬಳ ಆಸ್ತಿ ಒಬ್ಬ ಫ್ರೆಂಚ್ ಡಾಕ್ಟರಿಗೂ ಒಬ್ಬ ಜರ್ಮನ್ ಪ್ರೊಫೆಸರಿಗೂ ಪಾಲಾಗುತ್ತದೆ. ಇಬ್ಬರೂ ಅಮೆರಿಕದ ಆರೆಗಾನ್ ಸೀಮೆಯಲ್ಲಿ ಊರು ಕಟ್ಟುತ್ತಾರೆ. ಡಾಕ್ಟರದು ಗಾಳಿ, ಬೆಳಕು, ಆರೋಗ್ಯದ ಊರು. ಪ್ರೊಫೆಸರದು ಉಕ್ಕಿನ ಊರು. ಫ್ರೆಂಚರ ಊರನ್ನು ನಾಶಮಾಡಲು ಅಲ್ಲಿ ದೈತ್ಯ ಫಿರಂಗಿ ತಯಾರಾಗುತ್ತದೆ. ಜನಾಂಗದ ಮದವೇರಿದ ಜರ್ಮನಿಯನ್ನು ವರ್ನ್ ಹಿಟ್ಲರನಿಗಿಂತ ಅರ್ಧ ಶತಮಾನ ಮೊದಲೇ ಕಂಡಿದ್ದ ಎಂದು ಹೊಗಳುವವರಿದ್ದಾರೆ. ಒಪ್ಪೋಣ.

ಹಾಗಾದರೆ ಆ ಒಳ್ಳೆಯ ಊರಿನ ಕಥೆ ಏನು? ಅದನ್ನು ಕಟ್ಟಿದವರು ಚೀನೀ ಕೂಲಿಗಳು. ಅವರ ದುಡಿಮೆಯ ಹಣ ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕಿನಲ್ಲಿರುತ್ತದೆ. ಮತ್ತೆ ಈ ಕಡೆ ತಲೆಹಾಕುವುದಿಲ್ಲ ಎಂದು ಒಪ್ಪಿದರೆ ಮಾತ್ರ ಅದು ಕೈಗೆ ಬರುತ್ತದೆ. ಹಳದಿ ಜನ ಉಳಿದರೆ ಊರಿನ ಗುಣವೇ ಕೆಡುತ್ತದಂತೆ! ಕಾದಂಬರಿಯೊಳಗಿನ ಒಂದು ಪತ್ರಿಕಾ ಲೇಖನ ಇದನ್ನು ಹೇಳುತ್ತದೆ. ವರ್ನ್ ಅದಕ್ಕೆ ಒಂದೂ ಎದುರು ಮಾತು ಆಡುವುದಿಲ್ಲ. ಬೇಗಮಳ ಹಣ ಯಾವ ರೈತನ ಬೆವರು ಅಂತಲೂ ಕೇಳುವುದಿಲ್ಲ.

ಇದು ಬರೀ ಕಲ್ಪನೆಯಲ್ಲ. 1869ರಲ್ಲಿ ಮುಗಿದ ಅಮೆರಿಕದ ಮಹಾ ರೈಲುಹಾದಿಗಾಗಿ ಸಾವಿರಾರು ಚೀನೀಯರು ಬಂಡೆ ಸೀಳಿದರು. 1882ರಲ್ಲಿ ಅಮೆರಿಕ ಕಾನೂನು ಮಾಡಿ ಚೀನೀ ಕೂಲಿಗಳಿಗೆ ಬಾಗಿಲು ಹಾಕಿತು.

ಕೇರಿಯಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗುಡಿಗೆ ಕಲ್ಲು ಹೊತ್ತವರು ಗುಡಿಯ ಹೊರಗೆ ನಿಂತರು. ಬಾವಿ ತೋಡಿದವರು ನೀರಿಗಾಗಿ ಕೊಡ ಹಿಡಿದು ಕಾದರು. ಆದ್ದರಿಂದ ಫ್ರಾನ್ಸ್ ಒಳ್ಳೆಯದೋ ಜರ್ಮನಿ ಕೆಟ್ಟದ್ದೋ ಎಂಬ ದೊಡ್ಡವರ ಜಗಳಕ್ಕೇ ಈ ಕಥೆಗಳ ಓದನ್ನು ಮುಗಿಸಬಾರದು. ಮೇಷ್ಟ್ರುಗಳು ಇವನ್ನು ಮಕ್ಕಳಿಗೆ ಖಂಡಿತ ಓದಿಸಲಿ. ಫಿರಂಗಿಯ ಲೆಕ್ಕ, ವಿಜ್ಞಾನದ ಬೆರಗು ಎಲ್ಲವನ್ನೂ ಹೇಳಲಿ. ಜೊತೆಗೆ ಒಂದು ಪ್ರಶ್ನೆ ಕೇಳುವುದನ್ನೂ ಕಲಿಸಲಿ: ನಾಳೆಯ ಈ ಚೆಂದದ ಊರಿನಲ್ಲಿ, ಅದನ್ನು ಕಟ್ಟಿದವರ ಮನೆ ಎಲ್ಲಿದೆ?