ತೆಗೆದುಕೊಳ್ಳದ ಹಣ, ತೀರದ ಋಣ: ರವೀಂದ್ರರ ‘ಪೋಸ್ಟ್‌ಮಾಸ್ಟರ್’ ಕಥೆಯ ಒಂದು ಪರಿಶೀಲನೆ

ಮನುಷ್ಯನಿಗೆ ಅಂಟಿಕೊಳ್ಳುವ ಮದಗಳು ಹಲವು. ಧನದ ಮದವನ್ನೂ ಅಧಿಕಾರದ ಮದವನ್ನೂ ಲೋಕವು ಬೇಗನೆ ಗುರುತಿಸಿ ನಿಂದಿಸುತ್ತದೆ. ಆದರೆ ತಾನು ಹುಟ್ಟಿ ಬೆಳೆದ ಮಹಾನಗರದ ಕಾರಣದಿಂದ ಒಬ್ಬನಲ್ಲಿ ನೆಲೆಸುವ ಹೆಮ್ಮೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಒರಟು ಮಾತಾಡುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ. ಸಭ್ಯತೆಯ ಉಡುಪನ್ನು ಧರಿಸಿ, ಹಳ್ಳಿಯವರ ನಡುವೆ ಒಂಟಿಯಾಗಿ ಕುಳಿತು, ತನ್ನ ದುರದೃಷ್ಟಕ್ಕಾಗಿ ನಿಟ್ಟುಸಿರು ಬಿಡುತ್ತದೆ. ಈ ಬಗೆಯ ಹೆಮ್ಮೆಯನ್ನೂ ಅದು ಕರಗಬೇಕಾದ ಸಂದರ್ಭವನ್ನೂ ರವೀಂದ್ರನಾಥ ಠಾಕೂರರ ‘ಪೋಸ್ಟ್‌ಮಾಸ್ಟರ್’ ಕಥೆ ಕೆಲವೇ ಪುಟಗಳಲ್ಲಿ ತೋರಿಸಿಕೊಡುತ್ತದೆ.

ಈ ಕಥೆ 1891ರಲ್ಲಿ ‘ಹಿತವಾದಿ’ ಎಂಬ ಬಂಗಾಳಿ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ರವೀಂದ್ರರಿಗೆ ಮೂವತ್ತು ವರ್ಷ. ಕಲ್ಕತ್ತೆಯ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಅವರು ಮನೆತನದ ಜಮೀನುಗಳ ಮೇಲ್ವಿಚಾರಣೆಗೆಂದು ಈಗ ಬಾಂಗ್ಲಾದೇಶಕ್ಕೆ ಸೇರಿರುವ ಶಿಲಾಯಿದಹ, ಶಹಜಾದಪುರ ಮೊದಲಾದ ಕಡೆಗಳಲ್ಲಿ ತಂಗುತ್ತಿದ್ದ ಕಾಲವದು. ಶಹಜಾದಪುರದ ಅವರ ಕಚೇರಿ ಕಟ್ಟಡದ ಕೆಳ ಅಂತಸ್ತಿನಲ್ಲಿಯೇ ಅಂಚೆ ಕಚೇರಿಯಿತ್ತು. ಅಲ್ಲಿನ ಪೋಸ್ಟ್ ಮಾಸ್ತರರ ಒಡನಾಟವೇ ಈ ಕಥೆಗೆ ಬೀಜವಾಯಿತು. ಹಳ್ಳಿಗೆ ಬಂದ ನಗರವಾಸಿಯ ಕಥೆಯನ್ನು ಬರೆದವರೂ ಹಳ್ಳಿಗೆ ಬಂದ ನಗರವಾಸಿಯೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯ ವ್ಯಂಗ್ಯದಲ್ಲಿ ಆತ್ಮಪರೀಕ್ಷೆಯ ಪಾಲೂ ಇದೆ.

ಕಥಾವಸ್ತು ಸರಳವಾದುದು. ಉಲಾಪುರವೆಂಬ ಸಣ್ಣ ಊರು; ಸಮೀಪದಲ್ಲಿ ಒಂದು ನೀಲಿ ಕಾರ್ಖಾನೆ; ಅದರ ಸಾಹೇಬನ ಪ್ರಯತ್ನದಿಂದ ಅಲ್ಲಿಗೆ ಬಂದ ಅಂಚೆ ಕಚೇರಿ. ಕತ್ತಲು ತುಂಬಿದ ಹುಲ್ಲುಮಾಡಿನ ಕೋಣೆ, ಪಾಚಿಗಟ್ಟಿದ ಕೊಳ, ಸುತ್ತ ಕಾಡು. ಅಲ್ಲಿಗೆ ಕಲ್ಕತ್ತೆಯ ತರುಣನೊಬ್ಬ ಮಾಸ್ತರನಾಗಿ ಬರುತ್ತಾನೆ. ಕಲ್ಕತ್ತೆಯ ಹುಡುಗರಿಗೆ ಇತರರೊಡನೆ ಬೆರೆಯುವ ವಿದ್ಯೆ ತಿಳಿಯದು, ಅಪರಿಚಿತರ ನಡುವೆ ಅವರು ಒಂದೋ ಉದ್ಧಟರಾಗಿ ಇಲ್ಲವೇ ಮುಜುಗರಪಡುವವರಾಗಿ ಕಾಣುತ್ತಾರೆ ಎಂದು ಕಥೆಗಾರರು ನವಿರಾಗಿ ಚುಚ್ಚುತ್ತಾರೆ. ಬಿಡುವಿನ ವೇಳೆಯಲ್ಲಿ ಈತ ಪದ್ಯ ಬರೆಯುತ್ತಾನೆ. ಎಲೆಗಳ ಅಲುಗಾಟವನ್ನೂ ಆಕಾಶದ ಮೋಡಗಳನ್ನೂ ನೋಡುತ್ತಲೇ ಬದುಕು ಸುಖವಾಗಿ ಕಳೆಯುತ್ತದೆಯೆಂದು ಅದರಲ್ಲಿ ಹಾಡುತ್ತಾನೆ. ಒಳಗಿನ ಬಯಕೆ ಬೇರೆಯೇ. ಒಂದೇ ರಾತ್ರಿಯಲ್ಲಿ ಆ ಮರಗಳೆಲ್ಲ ಉರುಳಿ, ಕಲ್ಲು ಹಾಸಿದ ರಸ್ತೆಯಾಗಿ, ಸಾಲುಮಹಡಿಗಳು ಎದ್ದು ಆ ಮೋಡಗಳನ್ನೇ ಮರೆಮಾಡಿದರೆ ಅವನಿಗೆ ಹೊಸ ಜೀವ ಬಂದಂತಾಗುತ್ತಿತ್ತು. ಹಳ್ಳಿಯನ್ನು ಕಾವ್ಯದಲ್ಲಿ ಹೊಗಳಿ ಜೀವನದಲ್ಲಿ ಹಳಿಯುವ ಈ ದ್ವಂದ್ವವನ್ನು ಇಷ್ಟು ಚುಟುಕಾಗಿ ಹಿಡಿದಿಟ್ಟ ಚಿತ್ರ ವಿರಳ.

ಈತನ ಮನೆಗೆಲಸಕ್ಕೆ ಬರುವವಳು ರತನ್. ಹನ್ನೆರಡು ಹದಿಮೂರರ ವಯಸ್ಸಿನ ಅನಾಥೆ. ಮಾಸ್ತರನು ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತಾನೆ; ಉಳಿದದ್ದರಲ್ಲಿ ಅವಳಿಗೂ ಒಂದು ತುತ್ತು. ಸಂಜೆಯ ಒಂಟಿತನ ತಾಳಲಾರದೆ ಅವನು ಅವಳನ್ನು ಕರೆದು ತನ್ನ ತಾಯಿ, ಅಕ್ಕ, ತಮ್ಮಂದಿರ ಸುದ್ದಿ ಹೇಳುತ್ತಾನೆ. ಕಾರ್ಖಾನೆಯ ಗುಮಾಸ್ತರ ಮುಂದೆ ಆಡಲಾರದ ಮಾತುಗಳನ್ನು ಓದುಬರಹವಿಲ್ಲದ ಈ ಹುಡುಗಿಯ ಮುಂದೆ ಆಡುತ್ತಾನೆ. ಅವಳೋ ತಮ್ಮನೊಡನೆ ಕೊಳದ ದಂಡೆಯಲ್ಲಿ ಮುರಿದ ಕೊಂಬೆಯನ್ನೇ ಗಾಳದ ಕೋಲಾಗಿ ಹಿಡಿದು ಆಡಿದ ದಿನವನ್ನು ನೆನೆಯುತ್ತಾಳೆ. ಕ್ರಮೇಣ ಅವನ ಮನೆಯವರನ್ನು ಅವಳು ತನ್ನವರೆಂಬಂತೆ ಅಮ್ಮ, ಅಕ್ಕ, ಅಣ್ಣ ಎಂದೇ ಕರೆಯತೊಡಗುತ್ತಾಳೆ. ಅವನಿಗೆ ಕಾಲಕ್ಷೇಪವಾದುದು ಅವಳಿಗೆ ಸಂಸಾರವಾಯಿತು. ಕಥೆಯ ನೈತಿಕ ಸಮಸ್ಯೆ ಹುಟ್ಟುವುದು ಇಲ್ಲಿ.

ಒಂದು ಮಳೆಗಾಲದ ಮಧ್ಯಾಹ್ನ, ಸೀಬೆಮರದ ಕೆಳಗೆ ಕಾಯಿ ತಿನ್ನುತ್ತಿದ್ದ ಹುಡುಗಿಯನ್ನು ಕರೆದು ಅವನು ಅಕ್ಷರ ಕಲಿಸತೊಡಗುತ್ತಾನೆ; ಕೆಲವೇ ದಿನಗಳಲ್ಲಿ ಅವಳು ಒತ್ತಕ್ಷರಗಳನ್ನೂ ದಾಟುತ್ತಾಳೆ. ಅನಂತರ ಅವನಿಗೆ ಜ್ವರ ಬರುತ್ತದೆ. ಆ ಕ್ಷಣದಿಂದ ರತನ್ ಹುಡುಗಿಯಾಗಿ ಉಳಿಯಲಿಲ್ಲ, ತಾಯಿಯ ಸ್ಥಾನದಲ್ಲಿ ಕುಳಿತಳು. ವೈದ್ಯನನ್ನು ಕರೆತಂದಳು, ಹೊತ್ತಿಗೆ ಸರಿಯಾಗಿ ಔಷಧ ಕೊಟ್ಟಳು, ಪಥ್ಯ ಬೇಯಿಸಿದಳು, ರಾತ್ರಿಯೆಲ್ಲ ತಲೆದೆಸೆಯಲ್ಲಿ ಎಚ್ಚರವಾಗಿದ್ದಳು. ಗುಣವಾಗಿ ಎದ್ದ ಮಾಸ್ತರನು ಮೊದಲು ಮಾಡಿದ ಕೆಲಸವೆಂದರೆ ಆ ಊರಿನ ಹವೆ ಒಳ್ಳೆಯದಲ್ಲವೆಂದು ಮೇಲಧಿಕಾರಿಗಳಿಗೆ ವರ್ಗಾವಣೆಯ ಅರ್ಜಿ ಬರೆದದ್ದು. ಅದು ತಿರಸ್ಕೃತವಾದಾಗ ಕೆಲಸಕ್ಕೇ ರಾಜೀನಾಮೆಯಿತ್ತ. ತನ್ನನ್ನು ಉಳಿಸಿದ್ದು ಅದೇ ಊರು ಎಂಬುದು ಅವನ ಅರ್ಜಿಯಲ್ಲಿ ಸೇರಲಿಲ್ಲ.

ತನ್ನನ್ನೂ ಮನೆಗೆ ಕರೆದೊಯ್ಯುವಿರಾ ಎಂದು ರತನ್ ಕೇಳುತ್ತಾಳೆ. ಅದು ಹೇಗಾದೀತೆಂದು ಅವನು ನಗುತ್ತಾನೆ. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಂದಿನ ಸಮಾಜದಲ್ಲಿ ಅಲ್ಪ ಸಂಬಳದ ತರುಣನೊಬ್ಬನು ಅನಾಥ ಹುಡುಗಿಯನ್ನು ಕಲ್ಕತ್ತೆಯ ಮನೆಗೆ ಕರೆದೊಯ್ಯುವುದು ಸುಲಭವಾಗಿರಲಿಲ್ಲ. ಆದುದರಿಂದ ನಿರಾಕರಣೆಯನ್ನು ದೋಷವೆನ್ನಲಾಗದು; ದೋಷವಿರುವುದು ಆ ನಗೆಯಲ್ಲಿ. ಅವಳು ಜೀವವನ್ನೇ ಒತ್ತೆಯಿಟ್ಟು ಕೇಳಿದ್ದು ಅವನಿಗೆ ಮಗುವಿನ ತೊದಲಾಗಿ ಕೇಳಿಸಿತು. ಆ ನಗೆಯ ದನಿ ರಾತ್ರಿಯಿಡೀ ಅವಳ ಕಿವಿಯಲ್ಲಿ ಮೊಳಗುತ್ತದೆ. ಆದರೂ ಬೆಳಗಾಗುವ ಮೊದಲೇ ಅವಳು ನದಿಯಿಂದ ನೀರು ಹೊತ್ತು ತಂದಿಟ್ಟಿರುತ್ತಾಳೆ. ಏಕೆಂದರೆ ಅವನು ಕಲ್ಕತ್ತೆಯ ರೂಢಿಯಂತೆ ತಂದಿಟ್ಟ ನೀರಿನಲ್ಲೇ ಸ್ನಾನ ಮಾಡುವವನು. ಅವನ ನಗರವನ್ನು ಇಷ್ಟು ದಿನ ತಲೆಯ ಮೇಲೆ ಹೊತ್ತವಳು ಈ ಹಳ್ಳಿಯ ಹುಡುಗಿ!

ಹೊರಡುವ ಮುನ್ನ ಅವನು ಪ್ರಯಾಣದ ಖರ್ಚನ್ನು ಉಳಿಸಿಕೊಂಡು ತಿಂಗಳ ಸಂಬಳವನ್ನೆಲ್ಲ ಅವಳ ಮುಂದೆ ಹಿಡಿಯುತ್ತಾನೆ. ಲೆಕ್ಕದ ದೃಷ್ಟಿಯಿಂದ ಅದು ಜಿಪುಣತನವಲ್ಲ. ಅವನ ಮಟ್ಟಿಗೆ ದೊಡ್ಡ ಮೊತ್ತವೇ. ಆದರೆ ಖಾತೆಯನ್ನು ಮುಕ್ತಾಯ ಮಾಡಬಯಸುವವನು ಖರ್ಚಿನ ಕಡೆ ಬರೆಯುವ ಮುನ್ನ ಜಮೆಯ ಕಡೆ ಏನಿದೆಯೆಂದು ನೋಡಬೇಕಷ್ಟೆ. ಅಲ್ಲಿರುವುದು ಎಚ್ಚರವಿದ್ದ ರಾತ್ರಿಗಳು, ಬೆಳಗಿನ ಜಾವದ ನೀರು. ಅವಕ್ಕೆ ರೂಪಾಯಿಯ ಬೆಲೆ ಕಟ್ಟಿ ಬಾಕಿ ಶೂನ್ಯವೆಂದು ಗೆರೆ ಎಳೆಯುವುದು ಸಾಧ್ಯವಿಲ್ಲ. ರತನ್ ಧೂಳಿನಲ್ಲಿ ಬಿದ್ದು ಅವನ ಪಾದ ಹಿಡಿದು, ತನಗೇನೂ ಕೊಡಬೇಡಿ, ತನ್ನ ಚಿಂತೆ ಯಾರೂ ಮಾಡಬೇಡಿ ಎಂದು ಬೇಡಿಕೊಂಡು ಓಡಿಹೋಗುತ್ತಾಳೆ. ಕೊಡುವವನು ಬರಿಗೈಯವನಾಗುತ್ತಾನೆ, ಹಣ ಅವನ ಕೈಯಲ್ಲೇ ಉಳಿಯುತ್ತದೆ, ಋಣವೂ ಉಳಿಯುತ್ತದೆ.

ಇಲ್ಲಿ ಅವನ ಹೆಮ್ಮೆ ಮುರಿಯಿತೇ? ಅರ್ಧ ಮಾತ್ರ ಎನ್ನಬೇಕು. ಮಳೆಯಿಂದ ಉಬ್ಬಿದ ನದಿಯಲ್ಲಿ ದೋಣಿ ಸಾಗಿದಾಗ, ಹಿಂದಿರುಗಿ ಆ ಅನಾಥೆಯನ್ನು ಕರೆತರಲೇ ಎಂಬ ತೀವ್ರ ವೇದನೆ ಅವನಲ್ಲಿ ಏಳುತ್ತದೆ. ಅದೇ ವಿನಯದ ಮೊದಲ ಮೊಳಕೆ. ಆದರೆ ಹಾಯಿಗೆ ಗಾಳಿ ತುಂಬಿದೆ, ಊರು ದಾಟಿದೆ. ಕೂಡಲೇ ಅವನಿಗೆ ತತ್ತ್ವಜ್ಞಾನ ಒದಗುತ್ತದೆ. ಲೋಕದಲ್ಲಿ ಎಷ್ಟೋ ಅಗಲಿಕೆ, ಎಷ್ಟೋ ಸಾವು, ಯಾರಿಗೆ ಯಾರು ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಮಾತು ಸತ್ಯವೇ ಇರಬಹುದು. ಆದರೆ ತನ್ನ ಸುಖವನ್ನು ತ್ಯಜಿಸುವವನ ಬಾಯಲ್ಲಿ ವೈರಾಗ್ಯವಾಗುವ ಮಾತು, ಮತ್ತೊಬ್ಬರ ದುಃಖವನ್ನು ಹಿಂದೆ ಬಿಟ್ಟು ಹೊರಟವನ ಬಾಯಲ್ಲಿ ನುಣುಚಿಕೊಳ್ಳುವ ಉಪಾಯವಾಗುತ್ತದೆ.

ಕಥೆಯಲ್ಲಿ ಒಂದು ಕುಂದೂ ಇದೆ. ಅಂಚೆಮನೆಯ ಸುತ್ತ ಅಳುತ್ತ ಸುಳಿದಾಡುವ ರತನ್‌ಳನ್ನು ತೋರಿಸಿದ ಮೇಲೆ ಕಥೆಗಾರರು ಮನುಷ್ಯಹೃದಯದ ಭ್ರಾಂತಿಯನ್ನು ಕುರಿತು ಸಾಮಾನ್ಯ ವಿಚಾರಕ್ಕೆ ತೊಡಗಿ ಕಥೆ ಮುಗಿಸುತ್ತಾರೆ. ಮಾಸ್ತರನ ತತ್ತ್ವವನ್ನು ಹಗುರವೆಂದು ತೋರಿಸಿದ ಲೇಖನಿಯೇ ತಾನೂ ತತ್ತ್ವದ ದೋಣಿಯನ್ನು ಏರಿದಂತೆ ಕಾಣುತ್ತದೆ. ಆ ಹುಡುಗಿಯ ನಂಬಿಕೆಯನ್ನು ಭ್ರಾಂತಿಯೆಂದು ಕರೆಯುವ ಮೊದಲು, ಅದನ್ನು ಬೆಳೆಸಿದವರು ಯಾರೆಂದು ಕೇಳಬೇಕಿತ್ತು.

ಸತ್ಯಜಿತ್ ರಾಯ್ ರವೀಂದ್ರರ ಜನ್ಮಶತಾಬ್ದಿಯ ವರ್ಷವಾದ 1961ರಲ್ಲಿ ತೆಗೆದ ‘ತೀನ್ ಕನ್ಯಾ’ ಚಿತ್ರದಲ್ಲಿ ಈ ಕಥೆಯೂ ಒಂದು. ಅಲ್ಲಿ ರತನ್ ಪಾದಕ್ಕೆ ಬೀಳುವುದಿಲ್ಲ. ನೀರಿನ ಬಕೆಟ್ ಹಿಡಿದು, ಹಣ ಕೊಡಲು ನಿಂತವನನ್ನು ನೋಡದೆ ದಾಟಿಹೋಗುತ್ತಾಳೆ. ಹೊಸ ಬಾಬುವಿಗೆ ನೀರು ತಂದೆನೆಂದು ಹೇಳುವ ಅವಳ ದನಿ ಇವನಿಗೆ ಕೇಳಿಸುತ್ತದೆ. ಕೊನೆಯ ಉಪದೇಶವನ್ನು ಬಿಟ್ಟದ್ದರಿಂದ ಚಿತ್ರಕ್ಕೆ ಲಾಭವೇ ಆಗಿದೆ. ಆದರೆ ನೀತಿಯ ತಕ್ಕಡಿಯಲ್ಲಿ ಮೂಲಕಥೆಯ ನಿರಾಕರಣೆಯೇ ತೂಕವುಳ್ಳದ್ದು. ಚಿತ್ರದ ಮೌನದಲ್ಲಿ ನೊಂದ ಸ್ವಾಭಿಮಾನವಿದೆ. ಕಥೆಯ ರತನ್ ಪಾದ ಹಿಡಿದೇ ಬೇಡವೆನ್ನುತ್ತಾಳೆ. ಒಬ್ಬನ ಗರ್ವಕ್ಕೆ ಎದುರಾಗಿ ಇನ್ನೊಂದು ಗರ್ವವನ್ನು ಅವಳು ನಿಲ್ಲಿಸುವುದಿಲ್ಲ.

ಕೊಡುವುದನ್ನು ಕಲಿತವರು ಲೋಕದಲ್ಲಿ ಬಹಳ ಮಂದಿಯಿದ್ದಾರೆ. ತಮಗಿಂತ ಕೆಳಗಿನವರೆಂದು ತಾವು ಎಣಿಸಿದವರಿಂದ ಪಡೆದುಕೊಂಡದ್ದನ್ನು ಒಪ್ಪಿ, ಅದು ತೀರದೆಂದು ತಿಳಿದು, ತಲೆತಗ್ಗಿಸಿ ನಿಲ್ಲುವವರು ಕಡಿಮೆ. ಉಲಾಪುರದ ಮಾಸ್ತರನು ಆ ಹೊಸ್ತಿಲವರೆಗೆ ಬಂದು ಹಿಂದಿರುಗಿದ. ಓದುಗನಾದರೂ ಅದನ್ನು ದಾಟಲೆಂಬುದೇ ಈ ಕಥೆಯ ಆಶಯವೆನ್ನಬಹುದು.