ಊರು ಎತ್ತಿಸಿ ಕಟ್ಟಿದ ಮನೆ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಕೆಡಲ್‌ಸ್ಟನ್ ಹಾಲ್ ಅಂತ ಒಂದು ಮನೆಯಿದೆ. 1759ರಲ್ಲಿ ನಥಾನಿಯಲ್ ಕರ್ಜನ್ ಶುರು ಮಾಡಿಸಿದ್ದು. ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್, ಜೇಮ್ಸ್ ಪೇನ್ ಇಬ್ಬರೂ ಕೈ ಹಾಕಿದ ಮೇಲೆ ಕೆಲಸ ರಾಬರ್ಟ್ ಆಡಮ್‌ಗೆ ಬಂತು. ನಮ್ಮ ಫೀಲ್ಡಿನವರಿಗೆ ಗೊತ್ತಿರೋ ಕಥೆಯೇ: ಒಬ್ಬರು ಬರೆದ ಕೋಡ್ ಮೇಲೆ ಇನ್ನೊಬ್ಬರು ಬರೆಯೋದು.

ಅದು ಕಾಣುತ್ತೆ ಕೂಡ. ಉತ್ತರದ ಮುಖ ಪೇನ್ ಕಲ್ಪನೆಯ ಗಂಭೀರ ಕಂಬಸಾಲು. ದಕ್ಷಿಣಕ್ಕೆ ಸುತ್ತಿ ಬಂದ್ರೆ, ಆಡಮ್ ರೋಮಿನ ಕಾನ್‌ಸ್ಟಂಟೈನ್ ಕಮಾನನ್ನೇ ಗೋಡೆಗೆ ತಂದು ನಿಲ್ಲಿಸಿದ್ದಾನೆ. ಒಳಗೆ ಮಾರ್ಬಲ್ ಹಾಲ್: ಅಲಬಾಸ್ಟರ್ ಕಲ್ಲಿನ 20 ಕಂಬ, ಬೆಳಕು ಮೇಲಿಂದ. ಚೆಂದವೇ. ಆದ್ರೆ ಅಲ್ಲಿ ಕೂತು ಕಾಫಿ ಕುಡಿಯೋಕೆ ಆಗುತ್ತಾ? ಅಡುಗೆಮನೆ ಒಂದು ರೆಕ್ಕೆಯಲ್ಲಿ, ಮನೆಯವರು ಇನ್ನೊಂದರಲ್ಲಿ. ನಡುವಿನ ವೈಭವ ಪೂರ್ತಿ ಬಂದವರಿಗೆ ತೋರಿಸೋಕೆ. 1777ರಲ್ಲಿ ನೋಡೋಕೆ ಬಂದ ಸ್ಯಾಮ್ಯುಯೆಲ್ ಜಾನ್ಸನ್, ಇದು ಟೌನ್ ಹಾಲ್‌ಗೆ ಲಾಯಕ್ಕು ಅಂತ ಕುಟುಕಿದ್ದ.

ಆ ಕುಟುಕು ನಿಜವಾಗಿದ್ದು ಕಲ್ಕತ್ತದಲ್ಲಿ. 1799ರಲ್ಲಿ, ಅಂದ್ರೆ ಶ್ರೀರಂಗಪಟ್ಟಣ ಬಿದ್ದ ವರ್ಷವೇ, ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿ ಸರ್ಕಾರಿ ಭವನ ಶುರು ಮಾಡಿಸಿದ. ಚಾರ್ಲ್ಸ್ ವ್ಯಾಟ್ ಮಾದರಿಗೆ ಇಟ್ಟುಕೊಂಡದ್ದು ಕೆಡಲ್‌ಸ್ಟನ್ ನಕ್ಷೆ. ಮೂಲದಲ್ಲಿ ನಾಲ್ಕು ರೆಕ್ಕೆ ಯೋಚಿಸಿ ಎರಡೇ ಕಟ್ಟಿದ್ರು. ಕಲ್ಕತ್ತದಲ್ಲಿ ನಾಲ್ಕೂ ಎದ್ದವು. ಕೆಡಲ್‌ಸ್ಟನ್‌ನಲ್ಲೇ ಹುಟ್ಟಿದ ಲಾರ್ಡ್ ಕರ್ಜನ್ 1899ರಲ್ಲಿ ವೈಸರಾಯ್ ಆಗಿ ಅದೇ ಭವನಕ್ಕೆ ಬಂದ. ನನ್ನ ಕೇಳಿದ್ರೆ ಅಸಲಿಗಿಂತ ನಕಲೇ ಪ್ರಾಮಾಣಿಕ. ಅಧಿಕಾರ ತೋರಿಸೋಕೇ ಕಟ್ಟಿದ್ದು ಅಂತ ಅದು ಮುಚ್ಚುಮರೆ ಇಲ್ಲದೆ ಹೇಳುತ್ತೆ.

ಹಳ್ಳಿಯಲ್ಲಿ ಬೆಳೆದ ನನ್ನ ಕಣ್ಣು ಮಾತ್ರ ನಿಲ್ಲೋದು ಮನೆ ಪಕ್ಕದ ಹಳೇ ಚರ್ಚಿನ ಮೇಲೆ. ಅದು ಊರಿನ ಚರ್ಚು. ಮನೆಗೂ ಪಾರ್ಕಿಗೂ ಜಾಗ ಬೇಕು ಅಂತ ಕೆಡಲ್‌ಸ್ಟನ್ ಊರನ್ನೇ ಎತ್ತಿ ಬೇರೆ ಕಡೆ ಹಾಕಿದ್ರು. ಚರ್ಚ್ ಒಂದು ಉಳೀತು. ನಾನು ಓದಿದ ಬರಹಗಳಲ್ಲಿ ಕಂಬ, ಕಮಾನಿಗೆ ಪುಟಗಟ್ಟಲೆ ಜಾಗ, ಊರಿಗೆ ಒಂದು ಸಾಲು. ಆದ್ರೆ ಕಿಟಕಿಯಾಚೆ ಕಾಣೋ ಆ ಹುಲ್ಲುಗಾವಲು ಮೊದಲಿಂದ ಖಾಲಿ ಇದ್ದದ್ದಲ್ಲ. ಅದನ್ನ ಖಾಲಿ ಮಾಡಿಸಿದ್ದು. ಅದೂ ಡಿಸೈನಿನ ಭಾಗವೇ, ವಿಮರ್ಶೆ ಅದನ್ನೂ ಲೆಕ್ಕಕ್ಕೆ ತಗೋಬೇಕು.

1987ರಿಂದ ಮನೆ ನ್ಯಾಷನಲ್ ಟ್ರಸ್ಟ್ ಕೈಲಿದೆ, ಯಾರು ಬೇಕಾದ್ರೂ ಹೋಗಿ ನೋಡಬಹುದು. ಹೋದ್ರೆ, ಮಾರ್ಬಲ್ ಹಾಲ್‌ಗೆ ಮುಂಚೆ ಚರ್ಚ್ ನೋಡಿ.